ಹಿಂಬದಿಯಿಂದ ಕಂಡ ರೆಕ್ಕೆ

ನಿನ್ನ ಮುಖ ನೋಡಿದರೇ ನನಗೆ ರಕ್ತದೊತ್ತಡ ಏರುತ್ತದೆ ಎಂದು ಮಗಳು ಹೇಳಿದ ಮಾತು ನಿಜವಿರಬಹುದೇ ಎಂದು ಹಿಲ್ಲಾ ಬಸ್ಸಿನ ಕಿಟಕಿಯ ಗಾಜಿನಲ್ಲಿ ತನ್ನ ಮುಖವನ್ನು ಪರೀಕ್ಷಿಸುತ್ತಿದ್ದಳು. ಗಾಜಿನಲ್ಲಿದ್ದವಳು ಅರವತ್ತು ದಾಟಿದ, ಮೂಗಿನ ತುದಿ ಕೆಂಪಾದ, ಯಾವುದೋ ಕೆಟ್ಟ ಸುದ್ದಿಯನ್ನು ಬಾಯೊಳಗೆ ಇಟ್ಟುಕೊಂಡು ನುಂಗಲೂ ಉಗುಳಲೂ ಆಗದೆ ಕೂತಿರುವಂಥ ಹೆಂಗಸು. ಆ ಹೆಂಗಸಿನ ಮುಖದ ಮೂಲಕ ಹುಲ್ಲುಗಾವಲು, ಕಾಲುವೆ, ಮತ್ತೆ ಹುಲ್ಲುಗಾವಲು ಹಿಂದಕ್ಕೆ ಓಡುತ್ತಿದ್ದವು. ಪಟ್ಟಣದ ಆಸ್ಪತ್ರೆಯಲ್ಲಿ ಫೆನ್ನಾ ಮೊನ್ನೆಯಿಂದ ಮಲಗಿದ್ದಾಳೆ. ತುಂಬಿದ ಬಸುರಿ, ಕಾಲು ಬಾವು, ಏರಿದ ಒತ್ತಡ ಇಳಿಯುತ್ತಿಲ್ಲ. ನರ್ಸು ಬಂದು ತೋಳಿಗೆ ಪಟ್ಟಿ ಸುತ್ತಿದಾಗಲೆಲ್ಲ ಹಿಲ್ಲಾ ಮಂಚದ ಕಾಲ್ದೆಸೆಯಲ್ಲಿ ನಿಂತು, ಏನೂ ಆಗುವುದಿಲ್ಲ, ನಾನೇನು ಹೆದರಿದ್ದೇನೆಯೇ ನೋಡು ಎಂದು ಹೇಳುತ್ತಿದ್ದಳು. ಇವತ್ತು ಬೆಳಿಗ್ಗೆ ಫೆನ್ನಾ ಕಣ್ಣು ಮುಚ್ಚಿಕೊಂಡೇ ಅಂದಳು: “ಸುಳ್ಳು ಹೇಳ್ಬೇಡ ಅಮ್ಮಾ. ನಿನ್ ಮುಖ ನೋಡಿದ್ರೇನೇ ನಂಗೆ ಏರತ್ತೆ. ಮನೆಗೆ ಹೋಗು.” ನರ್ಸು ಯಂತ್ರದ ಕಡೆ ತಿರುಗಿ ನಕ್ಕದ್ದು ಹಿಲ್ಲಾಗೆ ಕಾಣಿಸಿತು. ಅಳಿಯ ರೂಬೆನ್ ಒಳ್ಳೆಯವನು, ಉದ್ದಕ್ಕಿರುವವನು. ಬಂದು ಹೋಗುವ ನೆಂಟರಿಗೆ ಕೊಡುವಂತೆ ಅವಳ ಕೋಟನ್ನು ಬಿಡಿಸಿ ಹಿಡಿದು, ಏನಾದರೂ ಇದ್ದರೆ ಫೋನ್ ಮಾಡುತ್ತೇನೆ ಅಂದ. ಫೋನು ಮಗಳ ಮಂಚದ ಪಕ್ಕದ ಗೋಡೆಯಲ್ಲಿ ಚಾರ್ಜಿಗೆ ಸಿಕ್ಕಿಸಿದ್ದು ಹಾಗೇ ಉಳಿದಿದೆ ಎಂದು ಅವಳಿಗೆ ತಿಳಿದದ್ದು ಬಸ್ಸು ಪಟ್ಟಣ ದಾಟಿದ ಮೇಲೆ. ಯಾರ ನಂಬರೂ ಅವಳಿಗೆ ಬಾಯಿಪಾಠವಿರಲಿಲ್ಲ.

ಹಳ್ಳಿಯ ನಿಲ್ದಾಣದಲ್ಲಿ ಇಳಿದು, ಬೀಗ ಹಾಕಿ ಇಟ್ಟಿದ್ದ ಸೈಕಲ್ ಬಿಡಿಸಿಕೊಂಡು ಏರಿಯ ಮೇಲೆ ಹತ್ತಿದಾಗ ಮೂಡಣ ಗಾಳಿ ನೇರ ಮುಖಕ್ಕೇ ಬಂತು. ಈ ಸೀಮೆಗೆ ಗಾಳಿ ಎಂದರೆ ಪಡುವಣದ್ದು, ಸಮುದ್ರದ ಕಡೆಯದ್ದು. ಮೂಡಣದ ಗಾಳಿ ಮಾರ್ಚಿನಲ್ಲಿ ಯಾವಾಗಲೋ ಬೇಡದ ನೆಂಟನ ಹಾಗೆ ಬಂದು ನಾಲ್ಕು ದಿನ ಇದ್ದು ಹೋಗುತ್ತದೆ. ಎಡಕ್ಕೆ ಹೊಳೆ, ಬಲಕ್ಕೆ ಹೊಳೆಗಿಂತ ತಗ್ಗಿನಲ್ಲಿ ಹಸು, ಮನೆ, ಚರ್ಚು. ಎದುರಿಗೆ, ಎಳೆ ಬಿಸಿಲು ಕಣ್ಣು ಕುಕ್ಕುವ ಕಡೆ, ಅವಳು ಹುಟ್ಟಿದ ಗಾಳಿಗಿರಣಿ. ಅವಳ ಮನೆಗೆ ಹೋಗಬೇಕಾದರೆ ಅದನ್ನು ದಾಟಿಯೇ ಹೋಗಬೇಕು. ಅಣ್ಣ ಬಸ್ತಿಯಾನ್ ಹೂಳೆತ್ತುವ ಹಡಗಿನ ಕೆಲಸದಿಂದ ನಿವೃತ್ತನಾಗಿ ಬಂದು ಈಗ ಅಲ್ಲೇ ವಾಸ. ಶನಿವಾರ ಬಂತೆಂದರೆ ರೆಕ್ಕೆ ತಿರುಗಿಸುತ್ತಾನೆ. ತಗ್ಗಿನ ನೀರು ಎತ್ತುವುದಕ್ಕೆ ಕರೆಂಟಿನ ಪಂಪು ಬಂದು ಯಾವ ಕಾಲವಾಯಿತು, ಆದರೂ ಇವನು ತಿರುಗಿಸುತ್ತಾನೆ. ದೂರದಿಂದ ನೋಡಿದಳು, ತಿರುಗುತ್ತಿತ್ತು. ತಿರುಗುತ್ತಿದೆ ಎಂದರೆ ಏನೂ ಸುದ್ದಿ ಇಲ್ಲ ಎಂದು ಅರ್ಥ. ಅವಳು ತುಳಿದಳು.

ಗಿರಣಿ ನೋಡುವುದಕ್ಕೆ ಬಂದವರೆಲ್ಲ ಕೇಳುತ್ತಾರೆ, ಗಾಳಿಗಿರಣಿಯಲ್ಲಿ ಬಾಲ್ಯ ಕಳೆದಿರಂತೆ, ಎಷ್ಟು ಚಂದವಿದ್ದಿರಬೇಕು ಅಂತ. ಹೌದು ಎಂದು ಹಿಲ್ಲಾ ನಗುತ್ತಾಳೆ. ಚಂದವೇ. ನಡೆಯಲು ಕಲಿತ ದಿನದಿಂದ ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಆ ಹಗ್ಗವನ್ನು ಪೇರು ಮರದ ಬುಡಕ್ಕೆ ಬಿಗಿದಿದ್ದರು, ಕರುವಿಗೆ ಕಟ್ಟಿದ ಹಾಗೆ. ರೆಕ್ಕೆಗಳ ತುದಿ ಹುಲ್ಲಿನಿಂದ ಮೊಳದಷ್ಟು ಮೇಲೆ ಬೀಸಿ ಹೋಗುವ ಗಿರಣಿ ಅದು. ಗಿರಣಿಗಳ ಮನೆಗಳಲ್ಲಿ ಎಲ್ಲ ಮಕ್ಕಳಿಗೂ ಹಗ್ಗ. ಮನೆಗೆ ಎರಡು ಬಾಗಿಲು, ಎದುರುಬದುರು. ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಗಾಳಿ ನೋಡಿ ಇವತ್ತು ಯಾವ ಬಾಗಿಲು ಎಂದು ಹೇಳುತ್ತಿದ್ದ. ಅವಳು ನಿದ್ದೆಗಣ್ಣಿನಲ್ಲಿ ತಪ್ಪು ಬಾಗಿಲ ಚಿಲಕಕ್ಕೆ ಕೈ ಹಾಕಿದ ಕನಸು ಈಗಲೂ ಬೀಳುತ್ತದೆ. ಒಂದು ಸಲ ಮೇಕೆ ಗೂಟ ಕಿತ್ತುಕೊಂಡು ರೆಕ್ಕೆಗಳ ಕಡೆ ಹೋಯಿತು. ಅದು ಕೂಗಲೂ ಇಲ್ಲ. ಕಾಲುವೆಯ ಆಚೆ ದಂಡೆಯಲ್ಲಿ ಬಿದ್ದಿದ್ದನ್ನು ಅಪ್ಪ ದೋಣಿಯಲ್ಲಿ ಹೋಗಿ ತಂದ, ಅಮ್ಮ ಅದರ ಸಾರು ಮಾಡಿದಳು, ಬಸ್ತಿಯಾನ್ ಎರಡು ಸಲ ಬಡಿಸಿಕೊಂಡ. ಗೋಡೆಯೊಳಗಿನ ಕಪಾಟಿನಂಥ ಹಾಸಿಗೆಯಲ್ಲಿ ಮಲಗಿದರೆ ಇಡೀ ಮನೆ ಹಲ್ಲು ಕಡಿಯುತ್ತಿತ್ತು. ಹಗಲು ಹೊತ್ತು ಕಿಟಕಿಯ ಮುಂದೆ ಬೆಳಕು, ಕತ್ತಲು, ಬೆಳಕು, ಕತ್ತಲು. ತಟ್ಟೆಯ ಮೇಲೆ, ಅಮ್ಮನ ಮುಖದ ಮೇಲೆ, ಎಲ್ಲದರ ಮೇಲೂ ಆ ನೆರಳು ಹಾದು ಹೋಗುತ್ತಿತ್ತು, ಮತ್ತು ಬೇರೆ ಮನೆಗಳಲ್ಲಿ ಬೆಳಕು ಸುಮ್ಮನೆ ನಿಂತೇ ಇರುತ್ತದೆ ಎಂದು ಶಾಲೆಗೆ ಸೇರಿದ ಮೇಲೆ ತಿಳಿದು ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ತಲೆ ಸಡಿಲವಾದವರನ್ನು ಈ ದೇಶದಲ್ಲಿ ಗಿರಣಿಯ ಏಟು ತಿಂದವರು ಎನ್ನುತ್ತಾರೆ. ಶಾಲೆಯಲ್ಲಿ ಅವಳಿಗೆ ಬೇರೆ ಹೆಸರು ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ.

ಪಾಪ್ಲರ್ ಮರಗಳ ಸಾಲು ಬಂದು ಗಿರಣಿಯನ್ನು ಮರೆಮಾಡಿತು. ಫೆನ್ನಾ ಈಗ ಏನು ಮಾಡುತ್ತಿರಬಹುದು? ಸೇಬು ಹೆಚ್ಚಿಟ್ಟು ಬಂದಿದ್ದೆ, ತಿಂದಳೋ ಇಲ್ಲವೋ. ತಾಯಿಯ ಕೈಯ ಸೇಬೂ ಒತ್ತಡ ಏರಿಸುತ್ತದೋ ಏನೋ ಎಂದು ಸಿಟ್ಟಿನಿಂದ ಅಂದುಕೊಂಡಳು; ಅಂದುಕೊಂಡ ತಕ್ಷಣ ಆ ಸಿಟ್ಟು ಮಗಳಿಗೆ ತಟ್ಟೀತೆಂದು ಹೆದರಿ, ಇಲ್ಲ ಇಲ್ಲ ಎಂದು ಬಾಯಿಬಿಟ್ಟು ಹೇಳಿದಳು. ಮರಗಳ ಸಾಲು ಮುಗಿಯಿತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಗಿರಣಿ ನಿಂತಿತ್ತು.

ನಿಂತಿತ್ತು, ಮತ್ತು ಓರೆಯಾಗಿ ನಿಂತಿತ್ತು. ಮೇಲಿನ ರೆಕ್ಕೆ ನೆಟ್ಟಗೆ ಆಕಾಶ ತೋರಿಸುತ್ತಿರಲಿಲ್ಲ. ಒಂದಿಷ್ಟು ಎಡಕ್ಕೆ ವಾಲಿತ್ತು. ಊಟಕ್ಕೆಂದು ನಿಲ್ಲಿಸಿದವರು ಹಾಗೆ ನಿಲ್ಲಿಸುವುದಿಲ್ಲ. ಗಿರಣಿಯವರ ಮನೆಯಲ್ಲಿ ಹುಟ್ಟು, ಮದುವೆ, ಸಾವು ಏನಾದರೂ ರೆಕ್ಕೆಗಳೇ ಊರಿಗೆ ಹೇಳಬೇಕು: ಮೇಲಿನ ರೆಕ್ಕೆ ನೆತ್ತಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿದರೆ ಬರುತ್ತಿದೆ ಎಂದು, ಅದು ಸಂತೋಷ. ನೆತ್ತಿ ದಾಟಿಸಿ ನಿಲ್ಲಿಸಿದರೆ ಹೋಯಿತು ಎಂದು. ಮುಂದುಗಡೆಯಿಂದ ನೋಡಿದಾಗ ರೆಕ್ಕೆಗಳು ಬಲದಿಂದ ಎಡಕ್ಕೆ ಏರಿ ಇಳಿಯುತ್ತವೆ. ಬಲಕ್ಕೆ ವಾಲಿದ್ದರೆ ಬರುವುದು, ಎಡಕ್ಕೆ ವಾಲಿದ್ದರೆ ಹೋದದ್ದು. ಎಡಕ್ಕೆ ವಾಲಿತ್ತು. ಸೈಕಲ್ಲಿನಿಂದ ಇಳಿದಳೋ ಬಿದ್ದಳೋ ಗೊತ್ತಾಗಲಿಲ್ಲ, ಅಂತೂ ನೆಲದ ಮೇಲೆ ನಿಂತಿದ್ದಳು. ಆಮೇಲೆ ಗಾಳಿ ಮುಖಕ್ಕೆ ಹೊಡೆಯುತ್ತಿರುವುದು ನೆನಪಾಯಿತು. ಗಾಳಿ ಮೂಡಣದ್ದು, ಗಿರಣಿ ಗಾಳಿಗೆ ಮುಖ ಮಾಡಿರುತ್ತದೆ, ಎಂದರೆ ಅದರ ಬೆನ್ನು ತನ್ನ ಕಡೆ. ಬೆನ್ನಿನಿಂದ ನೋಡಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಎಡಕ್ಕೆ ವಾಲಿದ್ದರೆ ಬರುವುದು. ಸಂತೋಷ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಹೆದರಿಕೆಗೆ ಲೆಕ್ಕ ಬರುವುದಿಲ್ಲ. ನಿನ್ನೆ ಗಾಳಿ ಬೇರೆ ಕಡೆಯಿತ್ತು. ಬಸ್ತಿಯಾನ್ ಗಿರಣಿಯ ತಲೆಯನ್ನು ತಿರುಗಿಸಿದ್ದಾನೆಯೇ? ತಿರುಗಿಸದೆ ಅದು ಹೇಗೆ ಓಡುತ್ತಿತ್ತು? ಹಿಂಬದಿಯಲ್ಲಿ ಬಾಲದಂತೆ ನೆಲದವರೆಗೆ ಇಳಿದಿರುವ ತೊಲೆಗಳು ಕಂಡರೆ ಸಾಕು, ಬೆನ್ನು ಹೌದೋ ಅಲ್ಲವೋ ತಿಳಿಯುತ್ತದೆ. ಸೂರ್ಯ ನೇರ ಕಣ್ಣೊಳಗೆ ಕೂತಿದ್ದ. ಬಿಳಿಯ ಬೆಳಕಿನಲ್ಲಿ ಒಂದು ಕರಿಯ ಗುರುತು ಬಿಟ್ಟರೆ ಏನೂ ಕಾಣಲಿಲ್ಲ.

ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ, ಆ ಸಲವೂ ಗಾಳಿ ಮುಖಕ್ಕೇ ಇತ್ತು. ಮರದ ಚಡಾವು, ಬೆನ್ನಿಗೆ ಚೀಲ, ಇದೇ ಏರಿ. ಬೆಳಿಗ್ಗೆ ಅಮ್ಮ ತುಂಬಿದ ಬಸುರಿನ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು, ಸಾಯಂಕಾಲ ಬರುವಾಗ ರೆಕ್ಕೆ ನೋಡಿಕೊಂಡು ಬಾ, ಅದೇ ನಿನಗೆ ಹೇಳುತ್ತದೆ ಎಂದಿದ್ದಳು. ನೋಡಿದಳು: ಬಲಕ್ಕೆ ವಾಲಿತ್ತು. ಶಾಲೆಯಿಂದ ಬರುವಾಗ ದಿನವೂ ಮುಂದುಗಡೆಯಿಂದ ನೋಡಿ ರೂಢಿಯಾದ ಕಣ್ಣು, ಅದಕ್ಕೆ ಬೆನ್ನು ಎಂಬುದು ಹೊಳೆಯಲೇ ಇಲ್ಲ. ಮನೆಗೆ ಹೋಗುವುದನ್ನೂ ಬಿಟ್ಟು ಹಿಂದಕ್ಕೆ ಓಡಿದಳು, ಊರೊಳಗಿನ ಬೇಕರಿಗೆ. ಬೇಕರಿಯ ಹೆಂಗಸು ಕೈ ಒರೆಸಿಕೊಳ್ಳುತ್ತಾ ಗಂಡೋ ಹೆಣ್ಣೋ ಎಂದು ಕೇಳಿದಳು. ಹಿಲ್ಲಾಗೆ ತಮ್ಮ ಬೇಕಿತ್ತು. ಗಂಡು ಎಂದಳು. ಮಗು ಹುಟ್ಟಿದ ಮನೆಯಲ್ಲಿ ಬಂದವರಿಗೆಲ್ಲ ಕೊಡುವ ರಸ್ಕು, ಅದರ ಮೇಲೆ ಉದುರಿಸುವ ಸಕ್ಕರೆ ಮೆತ್ತಿದ ಸೋಂಪಿನ ಕಾಳು, ಗಂಡಾದ್ದರಿಂದ ನೀಲಿ; ಆ ಹೆಂಗಸು ಪೊಟ್ಟಣ ಕಟ್ಟಿ ಕೈಗಿಟ್ಟಳು. ಹಾಡು ಹೇಳಿಕೊಂಡು ಬಾಗಿಲು ತಳ್ಳಿದಾಗ ಒಳಗೆ ಯಾರೂ ತಿರುಗಲಿಲ್ಲ. ಅಜ್ಜಿ ಮೇಜಿನ ಮೇಲೆ ಏನನ್ನೋ ಬಿಳಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು, ಒಂದು ಬ್ರೆಡ್ಡಿನಷ್ಟು ಉದ್ದ. ಗಂಡೇ ಆಗಿತ್ತು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. “ಹಿಂದಿನಿಂದ ನೋಡ್ದೆ ನೀನು,” ಅಂದ, ಅಷ್ಟೆ. ಹಾಸಿಗೆಯ ಪರದೆಯ ಹಿಂದಿನಿಂದ ಅಮ್ಮನ ದನಿ, ಬೇಕರಿಯವಳು ಏನು ಕೊಟ್ಟು ಕಳಿಸಿದ್ದಾಳೆ ಎಂದು ಕೇಳಿತು. ಮಾರನೆಯ ದಿನ ಊರೆಲ್ಲ, ಗಿರಣಿಯ ಏಟು ತಿಂದವಳಲ್ಲವೇ ಎಂದಿತು. ತನ್ನ ಕಣ್ಣಿಗೆ ಯಾವುದಾದರೂ ಸಂತೋಷವಾಗಿ ಕಂಡರೆ ಅದರ ಬೆನ್ನಿನಲ್ಲಿ ಏನಿದೆಯೋ ಎಂದು ನೋಡುವ ಅಭ್ಯಾಸ ಅವತ್ತಿನಿಂದ ಹತ್ತಿಕೊಂಡದ್ದು ಇವತ್ತಿನವರೆಗೆ ಬಿಟ್ಟಿಲ್ಲ. ಮದುವೆಯ ದಿನ ಗಂಡ ನಕ್ಕಾಗಲೂ ನೋಡಿದ್ದಳು. ಫೆನ್ನಾ ಬಸುರಿ ಎಂದು ಹೇಳಿದಾಗ ಅವಳ ಬಾಯಿಂದ ಮೊದಲು ಬಂದದ್ದು ಡಾಕ್ಟರ್ ಏನಂದರು ಎಂಬ ಮಾತು.

ಸೈಕಲ್ ತಳ್ಳಿಕೊಂಡೇ ನಡೆದಳು. ಎದುರಿನಿಂದ ಯೋರಿಸ್ ಬರುತ್ತಿದ್ದ, ನಾಯಿ ಹಿಡಿದುಕೊಂಡು. ಗಿರಣಿಯ ಆಚೆ ಹೊಲವಿರುವ ಮುದುಕ, ಚರ್ಚಿನ ಹಿರಿಯ. ಇವನು ಮುಂದುಗಡೆಯಿಂದ ನೋಡಿಕೊಂಡು ಬಂದಿದ್ದಾನೆ, ಇವನಿಗೆ ಗೊತ್ತಿದೆ ಎಂದು ಅವಳಿಗೆ ಹೊಳೆಯಿತು. ಕೇಳಿದರೆ ಮುಗಿಯಿತು. ಒಂದೇ ಮಾತು. ಆದರೆ ಕೇಳುವವರೆಗೆ ಫೆನ್ನಾ ಬದುಕಿದ್ದಾಳೆ. ಯೋರಿಸ್ ಹತ್ತಿರ ಬಂದು ಟೋಪಿ ತೆಗೆದ. ಅವನು ಬಸುರಿಗೂ ಟೋಪಿ ತೆಗೆಯುತ್ತಾನೆ, ಹೆಣಕ್ಕೂ ತೆಗೆಯುತ್ತಾನೆ, ಮುಖ ಮಾತ್ರ ಎರಡಕ್ಕೂ ಒಂದೇ.

“ಬಸ್ತಿಯಾನ್ ಗಿರಣಿ ನಿಲ್ಸಿದಾನಲ್ಲ,” ಅಂದ.

“ನೋಡ್ದೆ,” ಅಂದಳು ಹಿಲ್ಲಾ.

“ಹಾಗಾದ್ರೆ ಸರಿ.” ನಾಯಿ ಅವಳ ಬೂಟು ಮೂಸಿತು. “ದೇವರು ದೊಡ್ಡವನು,” ಎಂದು ಹೇಳಿ ಹೋದ. ಅದನ್ನೂ ಅವನು ಎರಡಕ್ಕೂ ಹೇಳುತ್ತಾನೆ. ಹಿಂದೆ ತಿರುಗಿ ಕೂಗಬೇಕೆನಿಸಿತು, ಕೂಗಲಿಲ್ಲ. ತಾನು ಹೇಡಿ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು, ಗೊತ್ತಾದದ್ದರಿಂದ ಕಾಲಿಗೆ ಬಲವೇನೂ ಬರಲಿಲ್ಲ.

ಏರಿ ಬಾಗಿದ ಕಡೆ ಸೂರ್ಯ ಗಿರಣಿಯ ಪಕ್ಕಕ್ಕೆ ಸರಿದ. ಕಂಡಿತು: ಇಳಿದ ತೊಲೆಗಳು, ಅವುಗಳ ಬುಡದ ಚಕ್ರ, ಬಾಲ. ಬೆನ್ನೇ. ಎಡ ಎಂದರೆ ಬಲ, ಬರುವುದು, ಬರುವುದು. ಹಿಲ್ಲಾ ಸೈಕಲ್ಲನ್ನು ಹುಲ್ಲಿಗೆ ಬಿಸಾಡಿ ಇಳಿಜಾರಿನಲ್ಲಿ ಓಡಿದಳು, ಅರವತ್ತು ದಾಟಿದವಳು, ಗುಂಡಿ ಬಿಚ್ಚಿ ಕೋಟು ಹಾರುತ್ತಿತ್ತು, ನಗುತ್ತಲೂ ಇದ್ದಳು. ಬಸ್ತಿಯಾನ್ ಬಾಲದ ಹತ್ತಿರ, ಬ್ರೇಕಿನ ಹಗ್ಗ ಇಳಿಬಿದ್ದಿರುವಲ್ಲಿ, ಎರಡೂ ಕೈಯಿಂದ ಆ ಹಗ್ಗ ಹಿಡಿದು ನಿಂತಿದ್ದ. ಗಿರಣಿ ನಿಲ್ಲಿಸಿ ಕಟ್ಟಿದ ಹಗ್ಗವನ್ನು ಯಾರೂ ಹಿಡಿದುಕೊಂಡು ನಿಲ್ಲುವುದಿಲ್ಲ. ಅವಳ ನಗು ನಿಂತಿತು.

“ಹೆಣ್ಣು ಮಗು,” ಅಂದ ಬಸ್ತಿಯಾನ್. “ಚೆನ್ನಾಗಿದೆ. ಹೊಟ್ಟೆ ಕುಯ್ದು ತೆಗೆದ್ರಂತೆ.”

“ಫೆನ್ನಾ?”

ಅವನು ಹಗ್ಗ ನೋಡಿದ. ನಿನಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲವಂತೆ, ಅದಕ್ಕೆ ರೂಬೆನ್ ನನಗೆ ಮಾಡಿದ, ಎಂದು ಅಲ್ಲಿಂದ ಶುರು ಮಾಡಿದ. ಹೆಣ್ಣು ಅಂದ ತಕ್ಷಣ ಗಿರಣಿ ನಿಲ್ಲಿಸಿದೆ. ಮಗು ಹುಟ್ಟಿದೆ, ಯಾವುದೋ ಒಂದು ಶನಿವಾರ ಎಂಬಂತೆ ಅದನ್ನು ಓಡಲು ಬಿಡುವುದು ಹೇಗೆ? ನಿಲ್ಲಿಸಿ, ಒಳಗೆ ಹೋಗಿ ಬಾವುಟ ಹುಡುಕುತ್ತಿದ್ದೆ. ಆಗ ಮತ್ತೆ ಫೋನ್ ಬಂತು. ರಕ್ತ ನಿಲ್ಲುತ್ತಿಲ್ಲ ಅಂದ. ಮತ್ತೆ ಆಪರೇಷನ್ ಕೋಣೆಗೆ ಕರೆದುಕೊಂಡು ಹೋಗಿದ್ದಾರೆ. ಆಮೇಲೆ ಏನೂ ಸುದ್ದಿಯಿಲ್ಲ. ಇಷ್ಟನ್ನು ಅವನು ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯಲ್ಲಿ ಹೇಳಿದ. ಊರಿನ ಮೂರು ಜನ ಆಗಲೇ ಶುಭಾಶಯದ ಸಂದೇಶ ಕಳಿಸಿದ್ದಾರೆ, ಯೋರಿಸ್ ಬೇಲಿಯಾಚೆ ನಿಂತು ಕೈ ಎತ್ತಿ ಹೋದ. ಅವನಿಗೆ ಏನು ಹೇಳಲಿ?

ಹಿಲ್ಲಾ ಮೇಲೆ ನೋಡಿದಳು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಅವಳು ರೆಕ್ಕೆಗಳನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಬರುವುದಕ್ಕೂ ಹೋಗುವುದಕ್ಕೂ ನಡುವೆ ಎಷ್ಟು ಕಡಿಮೆ ಜಾಗ. ಆಕಾಶದಲ್ಲಿ ನಿಂತ ಆ ಸಂತೋಷ ಈಗ ಸುಳ್ಳು ಹೇಳುತ್ತಿತ್ತು, ಇಡೀ ಊರಿಗೆ ಕೇಳುವಂತೆ, ಮಂಚದ ಕಾಲ್ದೆಸೆಯಲ್ಲಿ ನಿಂತು ತಾನು ಹೇಳುತ್ತಿದ್ದ ಹಾಗೆ. ಅವಳಿಗೆ ಅದನ್ನು ನೋಡಲಾಗಲಿಲ್ಲ.

“ಬಿಡು ಅದನ್ನ,” ಅಂದಳು. “ತಿರುಗ್ಲಿ. ಏನೂ ಹೇಳೋದು ಬೇಡ.”

“ಬಿಡೋಕಾಗಲ್ಲ ಹಿಲ್ಲಾ.”

“ಯಾಕೆ?”

ಬಸ್ತಿಯಾನನ ಗಡ್ಡ ಅದುರುತ್ತಿತ್ತು. ಸಮುದ್ರದ ಮೇಲೆ ಜೀವನ ಕಳೆದವನು, ಎರಡು ಸಲ ಮೇಕೆ ಸಾರು ಬಡಿಸಿಕೊಂಡವನು. “ಬಿಟ್ರೆ ಮೊದ್ಲು ಅದನ್ನೇ ದಾಟ್ಬೇಕು,” ಅಂದ. “ನೆತ್ತಿ ದಾಟಿ ಆ ಕಡೆಗೆ. ನನ್ ಕೈಯಾರೆ ಅಲ್ಲಿಗೆ ಕಳಿಸ್ಲಾ? ಅವಳು ಅಲ್ಲಿ ಹಾಗೆ ಮಲಗಿರುವಾಗ?”

ಅವನೂ ಹೆದರಿದ್ದಾನೆ ಎಂದು ಅವಳಿಗೆ ಆಗ ತಿಳಿಯಿತು. ಹೆದರುವವಳು ತಾನೊಬ್ಬಳೇ, ಮನೆಯವರ ಪಾಲಿನ ಹೆದರಿಕೆಯನ್ನೆಲ್ಲ ತಾನೇ ಹೊತ್ತಿದ್ದೇನೆ ಎಂದು ಹುಟ್ಟಿದಾಗಿನಿಂದ ನಂಬಿದ್ದಳು. ಅಪ್ಪ ಕೂಡ ಅವತ್ತು ಇದೇ ಹಗ್ಗ ಹಿಡಿದು ನಿಂತಿದ್ದಿರಬೇಕು, ರೆಕ್ಕೆಯನ್ನು ನೆತ್ತಿ ದಾಟಿಸುವುದಕ್ಕೆ ಕೈ ಬಾರದೆ. ಅವಳು ಅಣ್ಣನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಹಗ್ಗ ತಣ್ಣಗೆ, ಜಿಡ್ಡುಜಿಡ್ಡಾಗಿತ್ತು. ಆ ಹಗ್ಗವನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ಹೆಣ್ಣುಮಕ್ಕಳು ಮುಟ್ಟಬಾರದೆಂದೇನೂ ಅಲ್ಲ, ಅವಳು ಮುಟ್ಟಿರಲಿಲ್ಲ.

“ದಾಟ್ಲಿ,” ಅಂದಳು. “ಅಲ್ಲಿ ನಿಲ್ಲದಿದ್ರೆ ಸಾಕು.”

ಬಸ್ತಿಯಾನ್ ಅವಳ ಮುಖ ನೋಡಿದ. ಆಮೇಲೆ ಇಬ್ಬರೂ ಸೇರಿ ಎಳೆದರು. ಮೇಲೆ, ಗಿರಣಿಯ ತಲೆಯೊಳಗೆ, ಬ್ರೇಕನ್ನು ಅದುಮಿ ಹಿಡಿದಿದ್ದ ಭಾರದ ಮರವೊಂದು ಎದ್ದಿತು. ಒಂದು ಗಳಿಗೆ ಏನೂ ಆಗಲಿಲ್ಲ. ರೆಕ್ಕೆ ನರಳಿ ಅಲುಗಾಡಿತು, ಏರಿತು, ನೆತ್ತಿಗೆ ಬಂತು, ದಾಟಿತು. ಆ ಕಡೆಗೆ ವಾಲಿದಾಗ ಅಲ್ಲೇ ನಿಂತುಬಿಟ್ಟಂತೆ ಹಿಲ್ಲಾಗೆ ಕಂಡಿತು. ಬ್ರೇಕು ಪೂರ್ತಿ ಬಿಟ್ಟಿಲ್ಲವೋ, ಗಾಳಿ ಬಿದ್ದು ಹೋಯಿತೋ ಎಂದು ಅಣ್ಣನ ತೋಳನ್ನು ಗಟ್ಟಿಯಾಗಿ ಹಿಡಿದಳು. ನಿಂತಿರಲಿಲ್ಲ. ನಿಧಾನವಾಗಿ ಇಳಿಯಿತು, ಮುಂದಿನದು ಬಂತು, ಅದರ ಮುಂದಿನದು. ಆಮೇಲೆ ಯಾವುದು ಯಾವುದೆಂದು ಹೇಳಲಾಗದ ಹಾಗೆ ಬೀಸತೊಡಗಿದವು.

ಬಾಲದ ತೊಲೆಗೆ ಒರಗಿ ಇಬ್ಬರೂ ಹುಲ್ಲಿನ ಮೇಲೆ ಕೂತರು. ಕಾಫಿ ಮಾಡಲೇ ಎಂದು ಬಸ್ತಿಯಾನ್ ಕೇಳಿದ, ಆದರೆ ಏಳಲಿಲ್ಲ. ಫೋನು ಇಬ್ಬರ ನಡುವೆ ಹುಲ್ಲಿನಲ್ಲಿತ್ತು. ಟಿಟ್ಟಿಭ ಹಕ್ಕಿಯೊಂದು ಕಾಲುವೆಯ ಮೇಲೆ ಕೂಗಿ ಕೂಗಿ ಹಾರುತ್ತಿತ್ತು. ನಾನು ಬೆಳಿಗ್ಗೆ ಆಸ್ಪತ್ರೆಯಿಂದ ಬರಬಾರದಿತ್ತು ಎಂದು ಹಿಲ್ಲಾ ಹೇಳಿದಳು. ಅವಳೇ ಕಳಿಸಿದಳಲ್ಲ ಎಂದು ಅವನು ಹೇಳಿದ. ಹೌದು ಎಂದಳು. ಅವಳು ಪ್ರಾರ್ಥನೆ ಮಾಡಲು ನೋಡಿದಳು, ಬರಲಿಲ್ಲ. ಸೇಬು ತಿಂದಳೋ ಇಲ್ಲವೋ, ಸೇಬು ತಿಂದಳೋ ಇಲ್ಲವೋ ಎಂಬುದೇ ಒಳಗೆ ತಿರುಗುತ್ತಿತ್ತು. ಬಿಸಿಲು ಏರಿತು. ಇಷ್ಟು ಹೆದರಿದ ಮೇಲೆ ಇನ್ನು ಹೆದರುವುದಕ್ಕೆ ಏನೂ ಉಳಿದಿರಲಾರದು ಎಂದು ಅವಳಿಗೆ ಅನ್ನಿಸಿದ ಹೊತ್ತಿಗೆ ಫೋನು ಹೊಡೆದುಕೊಂಡಿತು, ಮತ್ತು ಇನ್ನೂ ಬೇಕಾದಷ್ಟು ಉಳಿದಿತ್ತು.

ಬಸ್ತಿಯಾನ್ ಎತ್ತಿದ. ಹೂಂ ಅಂದ. ಹೂಂ, ಇಲ್ಲೇ ಇದ್ದಾಳೆ ಅಂದ. ಫೋನನ್ನು ಅವಳ ಕಿವಿಗೆ ಹಿಡಿದ. ಮೊದಲು ರೂಬೆನ್, ನಿಂತಿತು, ರಕ್ತ ನಿಂತಿತು, ಕೊಡುತ್ತೇನೆ ಇರಿ ಎಂದು ಏನೇನೋ ಅಳುತ್ತಾ ಹೇಳಿದ. ಆಮೇಲೆ ಸದ್ದು ಗದ್ದಲ, ಯಾರೋ ನರ್ಸು, ಆಮೇಲೆ ಒಂದು ಉಸಿರು. ಆ ಉಸಿರನ್ನು ಹಿಲ್ಲಾ ಲೋಕದಲ್ಲಿ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು.

“ಅಮ್ಮಾ,” ಅಂದಳು ಫೆನ್ನಾ. ನಾಲಗೆ ದಪ್ಪವಾಗಿತ್ತು. “ಹೆದ್ರಿದ್ಯಾ?”

ಇಲ್ಲವಲ್ಲ, ಏನೂ ಇಲ್ಲ, ನಾನ್ಯಾಕೆ ಹೆದರಲಿ ಎಂಬ ಮಾತು ರೂಢಿಯಂತೆ ತುಟಿಯವರೆಗೆ ಬಂದಿತ್ತು.

“ಹೂಂ ಕಣೇ,” ಅಂದಳು ಹಿಲ್ಲಾ. “ತುಂಬಾ ಹೆದ್ರಿದೆ.”



“ನಾನೂ,” ಅಂದಳು ಫೆನ್ನಾ. “ಈಗ್ಲೂ ಹೆದರಿಕೆ ಆಗ್ತಿದೆ ಅಮ್ಮಾ. ಬಂದು ಪಕ್ಕದಲ್ಲಿ ಕೂತ್ಕೋ.”